ಹೈಬ್ರಿಡ್ ಕಾರು: ದೊಡ್ಡ ಬ್ಯಾಟರಿಗಿಂತ ಚಿಕ್ಕ ಬ್ಯಾಟರಿ ಕಡೆ ಗಮನ ಇರಲಿ

ಹೈಬ್ರಿಡ್ ಕಾರು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಆಗುತ್ತಂತೆ, ಅಲ್ವಾ ಸಾರ್?" ಬೆಂಗಳೂರಿನಲ್ಲಿ ಪೆಟ್ರೋಲ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿಯ ಎಲೆಕ್ಟ್ರಿಕ್ ಮೋಟಾರಿನಿಂದಲೂ ಓಡುವ ಕಾರು) ಓಡಿಸುವ ನನಗೆ ಆ ದೊಡ್ಡ ಬ್ಯಾಟರಿ ಇದುವರೆಗೆ ಒಂದು ತೊಂದರೆಯನ್ನೂ ಕೊಟ್ಟಿಲ್ಲ. ಕೈಕೊಟ್ಟಿದ್ದು 12 ವೋಲ್ಟಿನ ಮಾಮೂಲಿ ಬ್ಯಾಟರಿ.

ಕೆಲವು ವಾರ ಊರಲ್ಲಿದ್ದೆವು. ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ನಿಂತಿತ್ತು. ವಾಪಸ್ ಬಂದು ನೋಡಿದರೆ ರಿಮೋಟ್‌ಗೆ ಬಾಗಿಲೇ ತೆರೆಯಲಿಲ್ಲ. ರಿಮೋಟ್ ಒಳಗೇ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ, ಅದರಲ್ಲಿ ಬಾಗಿಲು ತೆಗೆದೆ. ಸ್ಟಾರ್ಟ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಜಾತ್ರೆ ದೀಪದ ಹಾಗೆ ಎಲ್ಲಾ ವಾರ್ನಿಂಗ್‌ಗಳೂ ಒಮ್ಮೆ ಮಿನುಗಿ ಆರಿಹೋದವು.

ಯಾಕೆ ಹೀಗೆ ಅಂದರೆ, ಈ ಕಾರಿನಲ್ಲಿ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ. ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯ ಕರೆಂಟಿನಿಂದ ಓಡುವ ಮೋಟಾರೇ. ಆದರೆ ಆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳು (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್‌ಗಳು), ಕಂಪ್ಯೂಟರ್‌ಗಳು ಎಲ್ಲಾ ಎಚ್ಚರವಾಗುವುದು 12 ವೋಲ್ಟಿನಿಂದ. ಅದು ಸತ್ತರೆ ದೊಡ್ಡದರಲ್ಲಿ ಚಾರ್ಜ್ ಎಷ್ಟಿದ್ದರೂ ಕಾರು ಅಲ್ಲಾಡುವುದಿಲ್ಲ, ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು ವಿಷಯ. ಮಾಮೂಲಿ ಕಾರಿನ ಬ್ಯಾಟರಿ ಸೋತಿದ್ದರೆ ಬೆಳಿಗ್ಗೆ ಎಂಜಿನ್ ಎಳೆದಾಡಿ ಸ್ಟಾರ್ಟ್ ಆಗುತ್ತದೆ, ನಮಗೆ ಗೊತ್ತಾಗುತ್ತದೆ. ಇಲ್ಲಿ ಚಿಕ್ಕ ಬ್ಯಾಟರಿ ಮೇಲೆ ಅಷ್ಟು ಭಾರವೇ ಬೀಳದ ಕಾರಣ ಕೊನೆಯ ದಿನದವರೆಗೂ ಸುಮ್ನೆ ಕೆಲಸ ಮಾಡಿ, ಒಂದು ದಿನ ದಿಢೀರನೆ ನಿಂತುಬಿಡುತ್ತದೆ.

ನನ್ನ ಕಾರಿನಲ್ಲಿ ಅದು ಇರುವುದು ಡಿಕ್ಕಿಯಲ್ಲಿ, ಡಿಕ್ಕಿ ತೆರೆಯಲು ಕರೆಂಟ್ ಬೇಕು! ಅದಕ್ಕೇ ಬಾನೆಟ್ ಕೆಳಗೆ ಫ್ಯೂಸ್ ಬಾಕ್ಸಿನಲ್ಲಿ ಜಂಪ್ ಮಾಡಲು, ಅಂದರೆ ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸಲು, ಪ್ಲಸ್ ಪಾಯಿಂಟ್ ಕೊಟ್ಟಿರುತ್ತಾರೆ. ಪಕ್ಕದ ಮನೆಯವರ ಕಾರಿನಿಂದ ಕೆಂಪು ಕೇಬಲ್ ಅಲ್ಲಿಗೆ, ಕಪ್ಪು ಕೇಬಲ್ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಬ್ರೇಕ್ ಒತ್ತಿ ಬಟನ್ ಒತ್ತಿದಾಗ ಕಾರು ಓಡಲು ಸಿದ್ಧ ಅಂತ ಹೇಳುವ 'ರೆಡಿ' ದೀಪ ಬಂತು. ಆಮೇಲೆ ಒಂದು ಗಂಟೆ ಓಡಿಸಿದೆ. ಇದರ ಉಲ್ಟಾ ಮಾತ್ರ ಮಾಡಬೇಡಿ, ಅಂದರೆ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಬೇಡಿ. ಆ ಕಾರಿನ ಸ್ಟಾರ್ಟರ್ ಎಳೆಯುವ ಕರೆಂಟು ನಮ್ಮ ಕಾರಿನ ಭಾಗಗಳಿಗೆ ಜಾಸ್ತಿಯಾಗಬಹುದು.

ಈಗ ಮನೆಯಲ್ಲಿ ಮಲ್ಟಿಮೀಟರ್ ಇಟ್ಟುಕೊಂಡಿದ್ದೇನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ, 12ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಅಂಗಡಿ ಕಡೆ ಹೊರಡಬೇಕು. ಕಾರು ಓಡಿಸದ ವಾರ ಅದನ್ನು ಬೇಸ್‌ಮೆಂಟಿನಿಂದ ಬಯಲಿಗೆ ತಂದು ಒಂದರ್ಧ ಗಂಟೆ 'ರೆಡಿ'ಯಲ್ಲಿ ಇಡುತ್ತೇನೆ. ಆಕ್ಸೆಸರಿ ಮೋಡ್‌ನಲ್ಲಿ (ಕಾರು ಸ್ಟಾರ್ಟ್ ಮಾಡದೆ ಸ್ಟೀರಿಯೋ ಮಾತ್ರ ಆನ್ ಇರುವಾಗ) ಹಾಡು ಹಾಕಿ ಕೂತರೆ ಚಾರ್ಜ್ ಆಗುವುದಿಲ್ಲ, ಇಳಿಯುತ್ತದೆ ಅಷ್ಟೇ. 'ರೆಡಿ'ಯಲ್ಲಿ ಎಂಜಿನ್ ತಾನಾಗೇ ಶುರುವಾಗುತ್ತದೆ, ಹಾಗಾಗಿ ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಖಂಡಿತ ಮಾಡಬಾರದು, ಹೊಗೆ ಪ್ರಾಣಕ್ಕೇ ಅಪಾಯ. ಕಾರು ಸದ್ದಿಲ್ಲದೆ ನಿಂತಿರುವುದರಿಂದ ಆಫ್ ಆಗಿದೆ ಅಂದುಕೊಂಡು ಇಳಿದು ಹೋಗುವವರೂ ಇದ್ದಾರೆ. ಮನೆಯಲ್ಲಿ ಬೇರೆಯವರು ಓಡಿಸುತ್ತಿದ್ದರೆ ಅವರಿಗೂ 'ರೆಡಿ' ದೀಪ ಆರಿದೆಯಾ ಅಂತ ನೋಡಿ ಇಳಿಯಲು ಹೇಳಿಕೊಡಿ.

ದೊಡ್ಡ ಬ್ಯಾಟರಿಯ ಶತ್ರು ಬಿಸಿ. ಹಿಂದಿನ ಸೀಟಿನ ಹತ್ತಿರ ಜಾಲರಿ ಇರುವ ಒಂದು ಕಿಂಡಿ ಇದೆ, ಬ್ಯಾಟರಿ ತಣ್ಣಗಾಗಲು ಫ್ಯಾನ್ ಅಲ್ಲಿಂದಲೇ ಕ್ಯಾಬಿನ್ ಗಾಳಿ ಎಳೆಯುತ್ತದೆ. ಅದಕ್ಕೆ ಬ್ಯಾಗ್ ಒರಗಿಸುವುದು, ಟವೆಲ್ ಹಾಕುವುದು ಬೇಡ. ಕಾರು ಪೂರ್ತಿ ಆಫ್ ಮಾಡಿ, ಕ್ಲಿಪ್ ಬಿಚ್ಚಿ ಫಿಲ್ಟರ್ ತೆಗೆದಾಗ ಧೂಳು, ಕೂದಲು, ಚಿಪ್ಸ್ ಚೂರು ಎಲ್ಲಾ ಸಿಕ್ಕಿತು. ವ್ಯಾಕ್ಯೂಮ್ ಹಿಡಿದು ವಾಪಸ್ ಹಾಕಿದೆ, ಹತ್ತು ನಿಮಿಷದ ಕೆಲಸ. ಬಿಸಿಲಲ್ಲಿ ನಿಂತ ಕಾರು ಹತ್ತಿದರೆ ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಟ್ಟು ಎಸಿ ಹಾಕುತ್ತೇನೆ. ಕಿತ್ತಳೆ ಬಣ್ಣದ ವೈರುಗಳನ್ನು ಮಾತ್ರ ಮುಟ್ಟಲೇಬಾರದು. ಅವು ಹೈ ವೋಲ್ಟೇಜ್, ತರಬೇತಿ ಇರುವವರ ಕೆಲಸ.

ಓಡಿಸುವ ರೀತಿಯಲ್ಲೂ ಸ್ವಲ್ಪ ಅಭ್ಯಾಸ ಬದಲಾಗಬೇಕು. ಸಿಲ್ಕ್ ಬೋರ್ಡ್‌ನಂಥ ಟ್ರಾಫಿಕ್‌ನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕುವುದು ನಮಗೆಲ್ಲ ರೂಢಿ. ಇಲ್ಲಿ ಅದು ಬೇಡ. ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಕುಡಿಯುತ್ತಲೇ ಇರುತ್ತದೆ. ಡಿ (ಡ್ರೈವ್) ಅಥವಾ ಪಿ (ಪಾರ್ಕ್) ಸಾಕು.

ಶಿರಾಡಿ ಘಾಟಿ ಇಳಿಯುವಾಗ ಹೊಸಬರಿಗೆ ಗಾಬರಿಯಾಗುತ್ತದೆ. ಸಕಲೇಶಪುರ ದಾಟಿ ಗುಂಡ್ಯ ಕಡೆ ಇಳಿಯುತ್ತಾ ಬ್ರೇಕ್ ಹಾಕಿದಾಗ ಮೋಟಾರು ಡೈನಮೋ ಥರ ಕರೆಂಟ್ ಮಾಡಿ ದೊಡ್ಡ ಬ್ಯಾಟರಿಗೆ ತುಂಬುತ್ತದೆ, ಅರ್ಧ ದಾರಿಗೇ ಅದು ತುಂಬಿಬಿಡುತ್ತದೆ. ಆಗ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಜೋರಾಗಿ ಕಿರುಚುತ್ತದೆ. ಏನೂ ಹಾಳಾಗಿಲ್ಲ. ಬ್ಯಾಟರಿಯಲ್ಲಿ ಜಾಗವಿಲ್ಲದ ಶಕ್ತಿಯನ್ನು ಎಂಜಿನ್ ತಿರುಗಿಸಿ ಖರ್ಚು ಮಾಡುತ್ತಿದೆ, ಪೆಟ್ರೋಲ್ ಸುಡುತ್ತಿಲ್ಲ. ನಾನು ಇಳಿಜಾರು ಶುರುವಾದ ಕೂಡಲೇ ಬಿ ಮೋಡ್‌ಗೆ (ಎಂಜಿನ್ ಎಳೆತದಿಂದಲೇ ಕಾರಿನ ವೇಗ ತಗ್ಗಿಸುವ ಗೇರ್ ಸ್ಥಾನ) ಹಾಕುತ್ತೇನೆ, ಬ್ರೇಕ್ ಬಿಸಿಯಾಗುವುದಿಲ್ಲ. ಸಪಾಟು ರಸ್ತೆಯಲ್ಲಿ ಬಿ ಬೇಡ, ಮೈಲೇಜ್ ಇಳಿಯುತ್ತದೆ.

ಬ್ರೇಕ್ ಪ್ಯಾಡ್ ಇಲ್ಲಿ ಸವೆಯುವುದು ಕಡಿಮೆ, ಆದರೆ ಮಳೆಗಾಲದಲ್ಲಿ ಡಿಸ್ಕ್‌ಗೆ ತುಕ್ಕು ಹಿಡಿದು ಕರಕರ ಅನ್ನುತ್ತದೆ. ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ ಒಂದೆರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡುತ್ತಿರುವವರು ಮೈಲೇಜ್ ಕೇಳುವ ಮೊದಲು ಆ ಹಿಂದಿನ ಸೀಟಿನ ಫಿಲ್ಟರ್ ಬಿಚ್ಚಿಸಿ ನೋಡಿ. ಹಿಂದಿನ ಮಾಲೀಕರು ಕಾರನ್ನು ಹೇಗೆ ನೋಡಿಕೊಂಡಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.