ಆಹಾರ ಕಾರ್ಖಾನೆಯ ಕೆಸರು ಹೊಲಕ್ಕೆ ಹೋಗುವ ಮುನ್ನ

ಹಾಲು, ಹಣ್ಣಿನ ರಸ, ಬಿಯರ್, ಖಾದ್ಯ ತೈಲ ಮುಂತಾದವನ್ನು ತಯಾರಿಸುವ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧೀಕರಿಸಿದ ಮೇಲೆ ಉಳಿಯುವ ಕೆಸರಿನಲ್ಲಿ, ಅಂದರೆ ಇಟಿಪಿ (ಕಾರ್ಖಾನೆಯ ತ್ಯಾಜ್ಯನೀರು ಶುದ್ಧೀಕರಣ ಘಟಕ) ನಡೆಸುವವರು ಸ್ಲಡ್ಜ್ ಎಂದು ಕರೆಯುವ ವಸ್ತುವಿನಲ್ಲಿ, ಸಾರಜನಕ, ರಂಜಕ ಮತ್ತು ಸಾವಯವ ಅಂಶಗಳು ಧಾರಾಳವಾಗಿರುತ್ತವೆ. ಆದರೆ ಅದನ್ನು ಹಸಿಯಾಗಿಯೇ ದಪ್ಪಗೆ ಹೊಲಕ್ಕೆ ಸುರಿದರೆ, ಅದು ಕೊಳೆಯುವಾಗ ಮಣ್ಣಿನ ಆಮ್ಲಜನಕವನ್ನು ಹೀರಿಕೊಂಡು ಬೇರುಗಳನ್ನು ಉಸಿರುಗಟ್ಟಿಸುತ್ತದೆ. ದುರ್ವಾಸನೆ ಮತ್ತು ನೊಣಗಳ ಕಾಟ ಬೇರೆ. ಹಾಗಾಗಿ ಅದನ್ನು ಕಾಂಪೋಸ್ಟ್ ಮಾಡಿಯೇ ಹೊಲಕ್ಕೆ ಹಾಕಬೇಕು.

ಕೆಲಸ ಆರಂಭವಾಗಬೇಕಾದದ್ದು ಹೊಲದಲ್ಲಲ್ಲ, ಕಾರ್ಖಾನೆಯ ಚರಂಡಿಯಲ್ಲಿ. ಕಾರ್ಮಿಕರ ಶೌಚಾಲಯದ ಕೊಳವೆ ಅದೇ ಇಟಿಪಿಗೆ ಸೇರಿದ್ದರೆ, ಜಂತುಹುಳುಗಳ ಮೊಟ್ಟೆ ಮತ್ತು ರೋಗಾಣುಗಳ ದೃಷ್ಟಿಯಿಂದ ಆ ಕೆಸರನ್ನು ನಗರದ ಒಳಚರಂಡಿಯ ಕೆಸರೆಂದೇ ಭಾವಿಸಬೇಕು. ಉಪ್ಪಿನಕಾಯಿ ಮತ್ತು ಚೀಸ್ ಘಟಕಗಳ ಉಪ್ಪುನೀರನ್ನೂ, ಯಂತ್ರ ತೊಳೆಯಲು ಬಳಸುವ ಕಾಸ್ಟಿಕ್ ಸೋಡಾವನ್ನೂ ಆದಷ್ಟು ಮೂಲದಲ್ಲೇ ತಡೆಯಬೇಕು, ಏಕೆಂದರೆ ಸೋಡಿಯಂ ಮಣ್ಣಿನ ಕಣರಚನೆಯನ್ನು ಕೆಡಿಸುತ್ತದೆ ಮತ್ತು ಕಾಂಪೋಸ್ಟ್ ಮಾಡಿದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಜಿಡ್ಡನ್ನು ಅದು ಮೇಲೆ ತೇಲಿ ಉಳಿಯುವ ತೊಟ್ಟಿಯಲ್ಲಿ (ಗ್ರೀಸ್ ಟ್ರ್ಯಾಪ್) ಬೇರ್ಪಡಿಸಿ ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕು. ನೀರು ತಿಳಿಯಾಗಿಸಲು ಆಲಂ (ಪಟಿಕ) ಬಳಸುವ ಕಡೆ, ಅದರ ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುವುದರಿಂದ ಗೊಬ್ಬರದಲ್ಲಿರುವ ರಂಜಕವೆಲ್ಲ ಬೆಳೆಗೆ ಸಿಗುವುದಿಲ್ಲ.

ಇದಾದ ಮೇಲೆ ಹಲವು ದಿನಗಳ ಕೆಸರಿನಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ತೇವಾಂಶ, ಇಂಗಾಲ, ಸಾರಜನಕ, ರಂಜಕ, ಸೋಡಿಯಂ, ಪಿಎಚ್, ಲವಣಾಂಶ ಹಾಗೂ ಸತು, ತಾಮ್ರ, ನಿಕ್ಕಲ್, ಕ್ರೋಮಿಯಂ, ಕ್ಯಾಡ್ಮಿಯಂ, ಸೀಸಗಳ ಪ್ರಮಾಣವನ್ನು ಬರೆಸಿಕೊಳ್ಳಬೇಕು. ಒಂದೇ ದಿನದ ಮಾದರಿಯನ್ನು ನಂಬುವುದು ತಪ್ಪು; ಉತ್ಪಾದನೆ ಬದಲಾದಂತೆ ಕೆಸರೂ ಬದಲಾಗುತ್ತದೆ. ಸ್ಥಳೀಯ ಮಾಲಿನ್ಯ ನಿಯಂತ್ರಣ ನಿಯಮಗಳ ಅನುಮತಿಗೂ ಇದೇ ವರದಿ ಬೇಕಾಗುತ್ತದೆ.

ಕಾಂಪೋಸ್ಟ್ ಮಾಡುವಾಗ ಹೆಚ್ಚಿನವರು ಎಡವುವುದು ಮಿಶ್ರಣದಲ್ಲಿ. ಕೆಸರಿನಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕದ ಪಾಲು ಮಿತಿಮೀರಿರುವುದರಿಂದ, ಅದನ್ನು ಒಂಟಿಯಾಗಿ ರಾಶಿ ಹಾಕಿದರೆ ಅಮೋನಿಯಾದ ಘಾಟು ಹೊಮ್ಮಿ ಸಾರಜನಕದ ಒಂದು ಪಾಲು ಗಾಳಿಗೆ ಹೋಗುತ್ತದೆ. ಒಂದು ಲೆಕ್ಕ ನೋಡೋಣ. ನೀರು ಹಿಂಡಿದ 100 ಕಿಲೋ ಕೆಸರಿನಲ್ಲಿ 20 ಕಿಲೋ ಒಣ ಪದಾರ್ಥವಿದ್ದು, ಅದರಲ್ಲಿ ಇಂಗಾಲ ಶೇ 35, ಸಾರಜನಕ ಶೇ 5 ಇದೆ ಎನ್ನೋಣ. ಅಂದರೆ 7 ಕಿಲೋ ಇಂಗಾಲಕ್ಕೆ 1 ಕಿಲೋ ಸಾರಜನಕ. ಇದಕ್ಕೆ ಶೇ 10ರಷ್ಟು ತೇವವಿರುವ 61 ಕಿಲೋ ಒಣಹುಲ್ಲನ್ನು ಸೇರಿಸಿದರೆ, ಹುಲ್ಲಿನಲ್ಲಿ ಇಂಗಾಲ ಶೇ 45, ಸಾರಜನಕ ಶೇ 0.5 ಇದ್ದಾಗ, ಅನುಪಾತ 25ಕ್ಕೆ 1ರ ಹತ್ತಿರ ಬರುತ್ತದೆ ಮತ್ತು ಒಟ್ಟು ತೇವಾಂಶ ಶೇ 53 ಆಗುತ್ತದೆ. ಎರಡೂ ಬೇಕಾದ ಮಿತಿಯಲ್ಲೇ ಇವೆ. ತೂಕದಲ್ಲಿ 61 ಕಿಲೋ ಎಂದರೆ ಕಡಿಮೆ ಕಾಣಬಹುದು, ಆದರೆ ಅಷ್ಟು ಹುಲ್ಲನ್ನು ಕಣ್ಣಾರೆ ಕಂಡಾಗ ಕೆಸರು ಅದರಡಿ ಮುಳುಗಿಹೋಗುವುದು ಅರ್ಥವಾಗುತ್ತದೆ; ಹಾಗಾಗಿ ಹುಲ್ಲಿನ ಸಂಗ್ರಹಕ್ಕೆ ಜಾಗ ಮಾಡಿಕೊಂಡೇ ಕೆಸರು ತರಿಸಬೇಕು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು, ಧಾರೆಯಾಗಿ ಇಳಿಯಬಾರದು.

ಸೋರುವ ನೀರು ಅಂತರ್ಜಲಕ್ಕೆ ಇಳಿಯದಂತೆ ಗಟ್ಟಿ ನೆಲದ ಮೇಲೆ, ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ಉದ್ದನೆಯ ಸಾಲುರಾಶಿ ಹಾಕಬೇಕು. ರೋಗಾಣುಗಳ ನಾಶಕ್ಕೆ, ಒಳಚರಂಡಿ ಕೆಸರಿನ ಬಗ್ಗೆ ಅಮೆರಿಕದಲ್ಲಿ 1993ರಲ್ಲಿ ಬಂದ ನಿಯಮ ಒಳ್ಳೆಯ ಅಳತೆಗೋಲು: ತೆರೆದ ಸಾಲುರಾಶಿ 15 ದಿನ ಅಥವಾ ಹೆಚ್ಚು ಕಾಲ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿರಬೇಕು, ಆ ಅವಧಿಯಲ್ಲಿ ಕನಿಷ್ಠ 5 ಬಾರಿ ಮಗುಚಬೇಕು. ಮಗುಚುವಾಗ ತಣ್ಣಗಿರುವ ಹೊರಪದರವನ್ನು ನಡುವಿಗೆ ತರಬೇಕು. ಉದ್ದನೆಯ ಕಾಂಡದ ಥರ್ಮಾಮೀಟರಿನಿಂದ ದಿನವೂ ಅಳೆದು ಬರೆದಿಡಬೇಕು. ಕೈಯಿಟ್ಟು ಬಿಸಿಯಾಗಿದೆ ಎನ್ನುವುದು ದಾಖಲೆಯಾಗದು.

ಬಿಸಿ ಇಳಿದ ಮೇಲೂ ರಾಶಿ ಕೆಲವು ವಾರ ಮಾಗಬೇಕು. ಮಾಗಿದೆಯೇ ಎಂದು ತಿಳಿಯಲು, ಒಂದು ಪಾಲು ಕಾಂಪೋಸ್ಟನ್ನು ಹತ್ತು ಪಾಲು ನೀರಿನಲ್ಲಿ ಕದಡಿ ಸೋಸಿ, ಆ ನೀರಿನಲ್ಲಿ 20 ಸೌತೆ ಬೀಜಗಳನ್ನೂ ಬರಿಯ ನೀರಿನಲ್ಲಿ ಇನ್ನು 20 ಬೀಜಗಳನ್ನೂ ಮೊಳೆಯಲು ಇಡಬೇಕು. ಮೊದಲನೆಯವುಗಳ ಬೇರು ತೀರಾ ಗಿಡ್ಡವಾಗಿದ್ದರೆ ಅಥವಾ ತುದಿ ಕಂದಾಗಿದ್ದರೆ ಗೊಬ್ಬರ ಇನ್ನೂ ಹಸಿ, ಇಲ್ಲವೇ ಲವಣ ಹೆಚ್ಚಿದೆ.

ಹೊಲಕ್ಕೆ ಎಷ್ಟು ಹಾಕಬೇಕೆಂಬುದನ್ನು ಸಾಮಾನ್ಯವಾಗಿ ಸಾರಜನಕ ನೋಡಿ ನಿರ್ಧರಿಸುತ್ತಾರೆ. ಮಿತಿ ಹಾಕಬೇಕಾದದ್ದು ರಂಜಕ ಎಂಬುದು ನನ್ನ ಅಭಿಪ್ರಾಯ. ಶೇ 40 ತೇವವಿರುವ ಒಂದು ಟನ್ ಕಾಂಪೋಸ್ಟಿನಲ್ಲಿ 600 ಕಿಲೋ ಒಣ ಭಾಗವಿದ್ದು, ಅದರಲ್ಲಿ ಸಾರಜನಕ ಶೇ 2, ರಂಜಕ ಶೇ 1 ಇದ್ದರೆ, 12 ಕಿಲೋ ಸಾರಜನಕ ಮತ್ತು 6 ಕಿಲೋ ರಂಜಕ ಸಿಕ್ಕಂತಾಯಿತು. ಮೊದಲ ಹಂಗಾಮಿನಲ್ಲಿ ಸಾರಜನಕದ ಕಾಲುಭಾಗ, ಅಂದರೆ 3 ಕಿಲೋ ಮಾತ್ರ ಬಿಡುಗಡೆಯಾಗುತ್ತದೆ ಎಂದುಕೊಂಡರೆ, ಹೆಕ್ಟೇರಿಗೆ 60 ಕಿಲೋ ಒದಗಿಸಲು 20 ಟನ್ ಬೇಕು. ಅದರೊಂದಿಗೆ 120 ಕಿಲೋ ರಂಜಕವೂ ಮಣ್ಣಿಗೆ ಬೀಳುತ್ತದೆ. 20 ಕಿಲೋ ರಂಜಕ ಹೀರುವ ಬೆಳೆಗೆ ಇದು ಆರು ಹಂಗಾಮಿನ ಪಾಲು. ಹೆಚ್ಚಾದದ್ದು ಮಳೆಯಲ್ಲಿ ಮಣ್ಣಿನೊಂದಿಗೆ ಕೊಚ್ಚಿಹೋಗಿ ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಆದ್ದರಿಂದ ರಂಜಕದ ಲೆಕ್ಕಕ್ಕೆ 3 ಟನ್ನಿನ ಆಸುಪಾಸು ಹಾಕಿ, ಸಾರಜನಕದ ಕೊರತೆಯನ್ನು ಬೇರೆ ಗೊಬ್ಬರದಿಂದ ತುಂಬಿಕೊಳ್ಳುವುದು ಮೇಲು.

ಬಿತ್ತನೆಗೆ ಎರಡು ವಾರ ಮುಂಚೆ ಸಮನಾಗಿ ಹರಡಿ, ಕೂಡಲೇ ಮೇಲ್ಮಣ್ಣಿಗೆ ಬೆರೆಸಬೇಕು. ನೀರು ನಿಂತ ಹೊಲ, ಕಡಿದಾದ ಇಳಿಜಾರು ಮತ್ತು ಬಾವಿಯ ಸುತ್ತಮುತ್ತ ಹಾಕಬಾರದು. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳ ಹೊಲವನ್ನೂ ಬಿಟ್ಟುಬಿಡುವುದು ಕ್ಷೇಮ. ಅದೇ ಹೊಲಕ್ಕೆ ಎರಡನೆಯ ಬಾರಿ ಹಾಕುವ ಮುನ್ನ ಮಣ್ಣಿನ ರಂಜಕ ಮತ್ತು ಲವಣಾಂಶವನ್ನು ಮತ್ತೆ ಪರೀಕ್ಷಿಸಿ, ರಂಜಕ ಏರಿದ್ದರೆ ಆ ವರ್ಷ ಗೊಬ್ಬರವನ್ನು ಬೇರೆ ಹೊಲಕ್ಕೆ ಕಳುಹಿಸಬೇಕು.