ಅಪ್ಪನ ಎಂಟು ಗಂಟೆ ಗುಳಿಗೆ ಏಳೂಕಾಲಕ್ಕೆ ಬಂದದ್ದು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ಮೆಡಿಕಲ್ ಅಂಗಡಿ ಇದೆ. ಲೆವೊಡೋಪಾ-ಕಾರ್ಬಿಡೋಪಾ ಗುಳಿಗೆಯನ್ನು ವರ್ಷಗಟ್ಟಲೆ ಎಣಿಸಿ ಕೊಟ್ಟಿದ್ದೇನೆ. ಆದರೆ ಅದು ಮೈಯೊಳಗೆ ಯಾವ ದಾರಿ ಹಿಡಿಯುತ್ತದೆ ಅಂತ ಕೂತು ಓದಿದ್ದು ಅಪ್ಪನಿಗೆ ಪಾರ್ಕಿನ್ಸನ್ (ಕೈ ನಡುಗಿ, ಮೈ ಬಿಗಿಯಾಗಿ, ನಡೆ ನಿಧಾನವಾಗುವ ಕಾಯಿಲೆ) ಬಂದ ಮೇಲೆ.

ಅಪ್ಪ ಬೆಳಿಗ್ಗೆ 8ಕ್ಕೆ ಗುಳಿಗೆ ನುಂಗುತ್ತಿದ್ದರು. ಅದರ ಹಿಂದೆಯೇ ಹೆಸರುಕಾಳಿನ ಉಸುಳಿ, ಬಟ್ಟಲು ತುಂಬ ಮೊಸರು. 10 ಗಂಟೆಯಾದರೂ ಮೈ ಸಡಿಲಾಗುತ್ತಿರಲಿಲ್ಲ. ಬಚ್ಚಲಿನ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತಿದ್ದರು. “ಕಾಲು ನೆಲಕ್ಕ ಅಂಟಿದಂಗ ಆಗೈತಿ, ತಮ್ಮಾ” ಅನ್ನುತ್ತಿದ್ದರು.

ಮೆದುಳಿನ ನಡುಬುಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಸಣ್ಣ ಜಾಗ ಇದೆ, ನೋಡಲು ಕಪ್ಪಗಿರುತ್ತದೆ. ಅಲ್ಲಿನ ನರಕೋಶಗಳು ಡೋಪಮೈನ್ ಅನ್ನುವ, ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸಿ, ಮೈಯ ಚಲನೆ ನೋಡಿಕೊಳ್ಳುವ ಭಾಗಕ್ಕೆ ಕೊಡುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಸಾಯುತ್ತಾ ಹೋಗುತ್ತವೆ. ಹಾಗಾದರೆ ಡೋಪಮೈನನ್ನೇ ಕೊಡಬಹುದಲ್ವಾ? ಆಗಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ, ಡೋಪಮೈನ್ ಅದನ್ನು ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಹಾಗೆ ಆಗಿಬಿಡದಂತೆ ಕಾಯಲಿಕ್ಕೆ ಜೊತೆಗೆ ಕಾರ್ಬಿಡೋಪಾ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪೀನ್ ಕೊಟ್ಟು (ನಮ್ಮ ಸರ್ಪಗಂಧದ ಬೇರಿನಲ್ಲಿ ಇರುವುದು ಇದೇ) ಅವು ಮಂಕಾಗಿ ಬಿದ್ದ ಮೇಲೆ ಡೋಪಾ ಚುಚ್ಚಿದರು. ಮೊಲಗಳು ಎದ್ದು ಓಡಾಡಿದವು! 2000ದಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ಉಸುಳಿಯ ವಿಷಯ. ಲೆವೊಡೋಪಾ ಒಂದು ಅಮೈನೋ ಆಮ್ಲ. ಕಾಳು, ಮೊಸರಿನ ಪ್ರೋಟೀನ್ ಕರಗಿದಾಗ ಸಿಗುವುದೂ ಅಮೈನೋ ಆಮ್ಲಗಳೇ. ಕರುಳಿನಲ್ಲೂ ಮೆದುಳಿನ ತಡೆಯಲ್ಲೂ ಅವು ಇದರ ಜೊತೆ ಒಂದೇ ಬಾಗಿಲಿಗೆ ಮುಗಿಬೀಳುತ್ತವೆ. ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಾಕ್ಟರನ್ನು ಕೇಳಿಯೇ ಗುಳಿಗೆಯನ್ನು 7.15ಕ್ಕೆ ತಂದೆ. 8ಕ್ಕೆ ಅವಲಕ್ಕಿ. ಕಾಳು, ಮೊಸರು ಜಾಸ್ತಿ ಇರುವ ಊಟ ರಾತ್ರಿಗೆ ಹೋಯಿತು. ಒಂದು ನೋಟ್‌ಬುಕ್ಕಿನಲ್ಲಿ ನುಂಗಿದ ಹೊತ್ತು, ಮೈ ಸಡಿಲಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು ಬರೆಯುತ್ತಾ ಹೋದೆ. ಮೂರನೇ ವಾರಕ್ಕೆ ಅಪ್ಪ 8ಕ್ಕೆ ತಾವೇ ಚಮಚ ಹಿಡಿದು ತಿನ್ನುತ್ತಿದ್ದರು. ಡೋಸ್ ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾದದ್ದು ಹೊತ್ತು ಮಾತ್ರ. ಹೊಸ್ತಿಲ ಮುಂದೆ ನೆಲಕ್ಕೆ ಬಣ್ಣದ ಟೇಪಿನ ಅಡ್ಡಗೆರೆ ಅಂಟಿಸಿದೆ. ಗೆರೆ ಕಂಡರೆ ಕಾಲು ಅದನ್ನು ದಾಟಲು ಏಳುತ್ತದೆ.

ಒಂದು ಸಲ ನಾನು ಅಂಗಡಿಯಲ್ಲಿದ್ದಾಗ ಅಪ್ಪನಿಗೆ ವಾಂತಿ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೆಟೊಕ್ಲೋಪ್ರಮೈಡ್ ಚುಚ್ಚಿದರು, ಪಾರ್ಕಿನ್ಸನ್ ಇದೆಯಾ ಅಂತ ಕೇಳಲೇ ಇಲ್ಲ. ಸಂಜೆಗೆ ಅಪ್ಪ ಕಟ್ಟಿಗೆಯಂತಾಗಿದ್ದರು, ಮಗ್ಗುಲು ಬದಲಿಸಲೂ ಇಬ್ಬರು ಬೇಕಾಯಿತು. ಈ ಔಷಧಿ ಮೆದುಳಿನೊಳಗೆ ಹೋಗಿ, ಡೋಪಮೈನ್ ಕೂರಬೇಕಾದ ಜಾಗವನ್ನೇ ಮುಚ್ಚಿಬಿಡುತ್ತದೆ. ವಾಂತಿಗೇ ಕೊಡುವ ಡೊಂಪೆರಿಡೋನ್ ಆದರೆ ಆ ತಡೆಯನ್ನು ಹೆಚ್ಚಾಗಿ ದಾಟುವುದಿಲ್ಲ. ತಲೆಸುತ್ತಿಗೆ ಕೊಡುವ ಸಿನ್ನರಿಜೀನ್ ಕೂಡ ಇಂಥವರಿಗೆ ಒಳ್ಳೆಯದಲ್ಲ. ಈಗ ಯಾರಾದರೂ ಅದರ ಚೀಟಿ ತಂದರೆ, ಮನೆಯಲ್ಲಿ ಯಾರಿಗೆ, ಕೈ ನಡುಗುತ್ತದಾ ಅಂತ ಕೇಳದೆ ನಾನು ಕೊಡಲ್ಲ.

ಅಪ್ಪನ ಅಂಗಿ ಜೇಬಿನಲ್ಲಿ ಮರಾಠಿಯಲ್ಲಿ ಬರೆದ ಕಾರ್ಡ್ ಇದೆ: ಪಾರ್ಕಿನ್ಸನ್ ರೋಗಿ, ಈ ಈ ಔಷಧಿ ಕೊಡಬೇಡಿ. ಮನೆಯಿಂದ ಹೊರಡುವ ಮುಂಚೆ ಅವರೇ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.