ಹನ್ನೊಂದು ಚೀಲದ ಲೆಕ್ಕ: ನಮ್ಮ ಲೋಡರ್‌ಗೆ ಗ್ರ್ಯಾಪಲ್ ಆರಿಸಿದ್ದು ಹೀಗೆ

ನಮ್ಮ ತೋಟ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ನಡುವೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಮೆಣಸು. ಎರಡು ವರ್ಷದ ಹಿಂದೆ ಒಂದಷ್ಟು ಸಿಲ್ವರ್ ಓಕ್ ಕಡಿಸಿ ದಿಮ್ಮಿಗಳನ್ನು ರಸ್ತೆಗೆ ಸಾಗಿಸುತ್ತಿದ್ದೆವು. ಟ್ರಾಕ್ಟರ್ ಮುಂದೆ ಕೂರಿಸಿದ ಲೋಡರ್ (ಎತ್ತುವ ತೋಳು) ಬಕೆಟ್ ಮೇಲೆ ದಿಮ್ಮಿ ಇಡುವುದು, ಸರಪಳಿ ಸುತ್ತುವುದು, ಪಕ್ಕದಲ್ಲಿ ಒಬ್ಬರು ನಡೆಯುತ್ತಾ ನೋಡಿಕೊಳ್ಳುವುದು. ಇಷ್ಟೇ ನಮ್ಮ ವ್ಯವಸ್ಥೆ. ಕಣದ ಹಿಂದಿನ ಇಳಿಜಾರಿನಲ್ಲಿ ಸರಪಳಿ ಜಾರಿತು. ದಿಮ್ಮಿ ಉರುಳಿ ಮೇಸ್ತ್ರಿಯ ಪಾದದ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಆರು ವಾರ ಅವರು ಲೈನ್ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿರುವುದನ್ನು ದಿನಾ ನೋಡಿದೆ. ಇನ್ನು ಮುಂದೆ ದಿಮ್ಮಿಯ ಪಕ್ಕ ಮನುಷ್ಯರು ನಡೆಯಕೂಡದು ಅಂತ ಅವತ್ತೇ ತೀರ್ಮಾನಿಸಿದೆ.

ಗ್ರ್ಯಾಪಲ್ ಅಂದರೆ ಬಕೆಟ್ ಜಾಗದಲ್ಲಿ ಕೂರುವ ದೊಡ್ಡ ಇಕ್ಕಳ. ಕೆಳಗೆ ಸಾಲಾಗಿ ಹಲ್ಲು, ಮೇಲೆ ಹೈಡ್ರಾಲಿಕ್ ಸಿಲಿಂಡರ್‌ನಿಂದ ಮುಚ್ಚುವ ದವಡೆ. ನಮ್ಮದು 45 ಎಚ್‌ಪಿ ಟ್ರಾಕ್ಟರ್. ಹಾಸನದಲ್ಲಿ ಒಬ್ಬ ಫ್ಯಾಬ್ರಿಕೇಶನ್‌ನವರ ಹತ್ತಿರ ವಿಚಾರಿಸಿದಾಗ ಅವರು ತೋರಿಸಿದ್ದು 6 ಅಡಿ ಅಗಲದ್ದು. 16 ಎಂಎಂ ಪ್ಲೇಟ್. "ಗಟ್ಟಿ ಇರಲಿ ಸಾರ್, ಜೀವಮಾನ ಬಾಳಿಕೆ ಬರುತ್ತೆ" ಅಂದರು. ನೋಡಲು ಚೆನ್ನಾಗಿಯೇ ಇತ್ತು. ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹೋಗಿತ್ತು. ತೂಕ ಎಷ್ಟು ಅಂತ ಕೇಳಿದೆ. 340 ಕೆಜಿ.

ಅಡ್ವಾನ್ಸ್ ಕೊಡದೆ ಮನೆಗೆ ಬಂದೆ. ನಮ್ಮ ಲೋಡರ್ ನಿಜಕ್ಕೂ ಎಷ್ಟು ಎತ್ತುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕಿತ್ತು.

ಗೋಡೌನ್‌ನಲ್ಲಿ 50 ಕೆಜಿಯ ಡಿಎಪಿ ಗೊಬ್ಬರದ ಚೀಲಗಳಿದ್ದವು. (ಯೂರಿಯಾ ಚೀಲ 45 ಕೆಜಿ. ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪುತ್ತದೆ.) ಕಣದ ಸಮತಟ್ಟಾದ ಜಾಗದಲ್ಲಿ ಟ್ರಾಕ್ಟರ್ ನಿಲ್ಲಿಸಿ ಒಂದೊಂದೇ ಚೀಲ ಬಕೆಟ್‌ಗೆ ಹಾಕುತ್ತಾ, ಪ್ರತಿ ಸಲ ಎದೆಮಟ್ಟಕ್ಕೆ ಎತ್ತಿಸಿದೆವು. ಎಂಟನೇ ಚೀಲಕ್ಕೇ ಹಿಂದಿನ ಚಕ್ರ ಹಗುರಾದದ್ದು ಗೊತ್ತಾಯಿತು. ಟಯರ್ ನೆಲಕ್ಕೆ ಒತ್ತಿ ಕೂರುವ ಜಾಗ ಕಿರಿದಾಗುತ್ತಾ ಬಂತು. ಅಲ್ಲಿಗೇ ನಿಲ್ಲಿಸಿದೆವು. 200 ಲೀಟರ್ ಡ್ರಮ್‌ಗೆ ಕಾಂಕ್ರೀಟ್ ತುಂಬಿಸಿ, ಅದು ಗಟ್ಟಿಯಾದ ಮೇಲೆ ಹಿಂದಿನ ಲಿಂಕೇಜ್‌ಗೆ ಎದುರು ತೂಕವಾಗಿ ತೂಗುಹಾಕಿ ಮತ್ತೆ ಶುರು ಮಾಡಿದೆವು. ಹನ್ನೊಂದು ಚೀಲ ಎತ್ತಿತು. ಹನ್ನೆರಡನೆಯದಕ್ಕೆ ರಿಲೀಫ್ ವಾಲ್ವ್ (ಎಣ್ಣೆಯ ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್) ಕಿರ್ ಅಂದಿತು, ತೋಳು ಮೇಲೇಳಲಿಲ್ಲ.

ಚೀಲಗಳು 550 ಕೆಜಿ. ಬಕೆಟ್ ಬಿಚ್ಚಿ ವೇಬ್ರಿಡ್ಜ್‌ನಲ್ಲಿ ತೂಗಿಸಿದರೆ ಸುಮಾರು 160. ಅಂದರೆ ತೋಳಿನ ಶಕ್ತಿ ಹೆಚ್ಚುಕಡಿಮೆ 710 ಕೆಜಿ. ಇದರಲ್ಲಿ 340 ಕೆಜಿಯ ಗ್ರ್ಯಾಪಲ್ ಹಾಕಿದರೆ ಉಳಿಯುವುದು 370. ಅದೂ ಪೂರ್ತಿ ಸಿಗುವುದಿಲ್ಲ. ಬಕೆಟ್‌ನಲ್ಲಿ ಚೀಲ ತೋಳಿನ ಹತ್ತಿರ ಕೂರುತ್ತದೆ, ಗ್ರ್ಯಾಪಲ್‌ನಲ್ಲಿ ದಿಮ್ಮಿ ಹಲ್ಲಿನ ತುದಿಯ ಕಡೆ ಕೂರುತ್ತದೆ. ಬಿಂದಿಗೆಯನ್ನು ಸೊಂಟದ ಮೇಲೆ ಹೊರುವುದೇ ಬೇರೆ, ಕೈ ಚಾಚಿ ಹಿಡಿಯುವುದೇ ಬೇರೆ ಅಲ್ವಾ? ಹಾಗಾಗಿ ಇನ್ನೂ ನೂರು ಕೆಜಿ ಕಳೆದೆ. ಉಳಿದದ್ದು 270.

ಇನ್ನು ದಿಮ್ಮಿಯ ತೂಕ. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಕ ಅಂತ ಇಟ್ಟುಕೊಂಡರೆ ಮೋಸವಿಲ್ಲ. ನಾಲ್ಕೂವರೆ ಅಡಿ ಸುತ್ತಳತೆಯ 10 ಅಡಿ ದಿಮ್ಮಿ ಸುಮಾರು ನಾಲ್ಕೂವರೆ ಕ್ವಿಂಟಾಲ್. ಅದನ್ನೇ 8 ಅಡಿಗೆ ಕೊಯ್ದರೆ 360 ಕೆಜಿ ಚಿಲ್ಲರೆ. ನಮ್ಮ ಮರಗಳೆಲ್ಲ ಇದೇ ಗಾತ್ರದವು. ಆ ಗಟ್ಟಿಮುಟ್ಟಾದ ಗ್ರ್ಯಾಪಲ್ ತಂದಿದ್ದರೆ ಅದು ತನ್ನ ತೂಕವನ್ನೇ ಹೊತ್ತುಕೊಂಡು ಓಡಾಡುತ್ತಿತ್ತು, ದಿಮ್ಮಿ ಮಾತ್ರ ನೆಲದಲ್ಲೇ ಇರುತ್ತಿತ್ತು.

ಮತ್ತೆ ಹಾಸನಕ್ಕೆ ಹೋಗಿ ಲೆಕ್ಕವನ್ನು ಅವರ ಮುಂದಿಟ್ಟೆ. ನಾಲ್ಕೂವರೆ ಅಡಿ ಅಗಲ, 10 ಎಂಎಂ ಹಲ್ಲು, ಒಟ್ಟು 210 ಕೆಜಿ ಮೀರಬಾರದು ಅಂದೆ. 710ರಲ್ಲಿ ಅದನ್ನೂ ಆ ನೂರನ್ನೂ ಕಳೆದರೆ 400 ಉಳಿಯುತ್ತದೆ, 8 ಅಡಿ ದಿಮ್ಮಿಗೆ ಸಾಕು. ಅವರಿಗೆ ಮನಸ್ಸಿರಲಿಲ್ಲ. ಹಲ್ಲು ಬಾಗುತ್ತದೆ ಅಂದರು. ಹಲ್ಲುಗಳನ್ನು ಅಡ್ಡಕ್ಕೆ ಎರಡು ಪೈಪ್‌ಗಳಿಂದ ಕಟ್ಟಿಸುವುದು ಅಂತ ಒಪ್ಪಂದವಾಯಿತು. ಇವತ್ತಿನವರೆಗೆ ಒಂದು ಹಲ್ಲೂ ಬಾಗಿಲ್ಲ.

ಅಗಲ ಕಡಿಮೆ ಮಾಡಿದ್ದಕ್ಕೆ ತೂಕವೊಂದೇ ಕಾರಣ ಅಲ್ಲ. ನಮ್ಮ ರೋಬಸ್ಟಾ 10 ಅಡಿ ಅಂತರದ್ದು, ಟ್ರಾಕ್ಟರ್ ಹೇಗೋ ನುಗ್ಗುತ್ತದೆ. ಅರೇಬಿಕಾ 6 ಅಡಿ, ಅಲ್ಲಿ ಆಸೆಯೇ ಬೇಡ. ಇನ್ನೊಂದು, ದಿಮ್ಮಿ ಗ್ರ್ಯಾಪಲ್‌ನಲ್ಲಿ ಅಡ್ಡಡ್ಡ ಕೂರುತ್ತದೆ. 8 ಅಡಿ ದಿಮ್ಮಿ ಹಿಡಿದು ರೋಬಸ್ಟಾ ಸಾಲಿನೊಳಗೆ ಬಂದರೆ ಎರಡೂ ಕಡೆ ಕಾಫಿ ಗಿಡದ ರೆಕ್ಕೆ (ಅಡ್ಡ ರೆಂಬೆ) ಮುರಿಯುತ್ತದೆ. ಅದಕ್ಕೆ ಸಾಲಿನಿಂದ ಜೀಪ್ ರಸ್ತೆಯವರೆಗೆ ಸರಪಳಿಯಲ್ಲೇ ಎಳೆಸುತ್ತೇವೆ, ರಸ್ತೆಯಲ್ಲಿ ಮಾತ್ರ ಗ್ರ್ಯಾಪಲ್.

ಮೇಲಿನ ದವಡೆ ಒಂದೇ ಇರಬೇಕೋ ಎರಡೋ ಅನ್ನುವುದರಲ್ಲಿ ನಾನು ಬೇಗ ತೀರ್ಮಾನಿಸಿದೆ. ಎರಡಿದ್ದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಹೊರೆಯನ್ನೂ ಬಿಗಿಯಾಗಿ ಹಿಡಿಯುತ್ತದೆ, ನಿಜ. ಆದರೆ ನಾಲ್ಕೂವರೆ ಅಡಿಗೆ ಒಂದು ಸಾಕು.

ಜಾಸ್ತಿ ಯೋಚಿಸಿದ್ದು ಕೆಳಗಿನ ಭಾಗದ ಬಗ್ಗೆ. ತಳ ಮುಚ್ಚಿದ ಬಕೆಟ್‌ಗೇ ದವಡೆ ಕೂರಿಸಿದ ನಮೂನೆಯೂ ಸಿಗುತ್ತದೆ. ಸಗಣಿ ಗೊಬ್ಬರ ತುಂಬುವವರಿಗೆ ಅದು ಅನುಕೂಲ. ನಮಗೆ ಬೇಕಿದ್ದದ್ದು ಮಣ್ಣು ಕೆಳಗೆ ಉದುರುವಂಥದ್ದು. ಬಿಳಿ ಕಾಂಡಕೊರಕ (ಕಾಂಡ ಕೊರೆಯುವ ಹುಳು) ಹಿಡಿದ ಅರೇಬಿಕಾ ಗಿಡಗಳನ್ನು ಬೇರುಸಮೇತ ಕಿತ್ತು ಸುಡಬೇಕು. ಆ ಹುಳು ಬೆಳೆದು ದುಂಬಿಯಾಗಿ ಹೊರಬಂದು ಹಾರಾಡುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮೊದಲೇ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡ ಹುಡುಕಿ ತೆಗೆಯುವುದು ನಮ್ಮ ಪದ್ಧತಿ. ಸೆಪ್ಟೆಂಬರ್ ಮಣ್ಣು ಒದ್ದೆ, ಬೇರಿಗೆ ಬುಟ್ಟಿಗಟ್ಟಲೆ ಅಂಟಿಕೊಂಡಿರುತ್ತದೆ. ಮಳೆಯಲ್ಲಿ ಕೊಚ್ಚಿಹೋಗದೆ ಉಳಿದ ಆ ಮೇಲ್ಮಣ್ಣನ್ನು ಬೆಂಕಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಲ್ಲುಗಳ ನಡುವೆ 6 ಇಂಚು ಬಿಡಿಸಿದೆ. ಎತ್ತಿ ಎರಡು ಸಲ ಅಲ್ಲಾಡಿಸಿದರೆ ಮಣ್ಣು ಅಲ್ಲೇ ಉದುರುತ್ತದೆ, ಬೇರು ಉಳಿಯುತ್ತದೆ. 8 ಇಂಚು ಇದ್ದರೆ ಮರಗಸಿ (ನೆರಳಿನ ಮರದ ರೆಂಬೆ ಸವರುವುದು) ಮಾಡಿದಾಗಿನ ಸಣ್ಣ ರೆಂಬೆಗಳೆಲ್ಲ ಸಂದಿಯಲ್ಲಿ ಜಾರುತ್ತಿದ್ದವು.

ರಸ್ತೆ ಅಂಚಿನ ಗಿಡವನ್ನು ನೇರವಾಗಿ ಗ್ರ್ಯಾಪಲ್‌ನಿಂದಲೇ ಕೀಳುತ್ತೇವೆ. ಹಲ್ಲನ್ನು ಬುಡದ ಕೆಳಗೆ ತೂರಿಸಿ, ತೋಳು ಎತ್ತದೆ, ಸುಮ್ನೆ ಹಿಂದಕ್ಕೆ ವಾಲಿಸಬೇಕು. ಮೀಟುವ ಹಾಗೆ. ಒಂದು ಬದಿಯ ಹಲ್ಲಿನಲ್ಲಿ ಮಾತ್ರ ಎಳೆದರೆ ಲೋಡರ್ ತೋಳೇ ತಿರುಚಿಕೊಳ್ಳುತ್ತದೆ.

ಹೈಡ್ರಾಲಿಕ್ ವಿಷಯ ಮೊದಲೇ ಕೇಳಿಕೊಳ್ಳಿ. ಲೋಡರ್‌ಗೆ ಎತ್ತುವುದಕ್ಕೆ ಒಂದು, ವಾಲಿಸುವುದಕ್ಕೆ ಒಂದು ಲೈನ್ ಇರುತ್ತದೆ. ದವಡೆಗೆ ಮೂರನೆಯದು ಬೇಕು. ಪ್ರತ್ಯೇಕ ವಾಲ್ವ್ ಹಾಕಿಸಬಹುದು, ಇಲ್ಲವೇ ಡೈವರ್ಟರ್ ವಾಲ್ವ್ ಹಾಕಿಸಿ ವಾಲಿಸುವ ಲೈನನ್ನೇ ಬಟನ್ ಒತ್ತಿ ದವಡೆಗೆ ತಿರುಗಿಸಬಹುದು. ನಾನು ಡೈವರ್ಟರ್ ಹಾಕಿಸಿದೆ, ಖರ್ಚು ಕಡಿಮೆ. ವಾಲಿಸುವುದು, ಹಿಡಿಯುವುದು ಒಟ್ಟಿಗೆ ಆಗುವುದಿಲ್ಲ ಅನ್ನುವುದೊಂದೇ ಕೊರತೆ. ಡ್ರೈವರ್ ಹುಡುಗ ಎರಡೇ ದಿನದಲ್ಲಿ ಹೊಂದಿಕೊಂಡ. ಹಾಗಿದ್ದೂ ವಾಲ್ವ್, ಹೋಸ್, ಫಿಟ್ಟಿಂಗ್ ಎಲ್ಲ ಸೇರಿ ಗ್ರ್ಯಾಪಲ್‌ನ ಅರ್ಧ ಬೆಲೆ ಆಯಿತು.

ಒಂದು ಭಾಗದಲ್ಲಿ ಮಾತ್ರ ಉಳಿತಾಯ ನೋಡಲಿಲ್ಲ. ದವಡೆ ಸಿಲಿಂಡರ್‌ಗೆ ಪೈಲಟ್ ಚೆಕ್ ವಾಲ್ವ್ (ಎಣ್ಣೆ ತಾನಾಗಿ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿಸಿದೆ. ಮೊದಲ ತಿಂಗಳಲ್ಲೇ ಒಂದು ಮುರಿದ ರೆಂಬೆ ಹೋಸ್ ಸಂದಿಗೆ ಸಿಕ್ಕಿ ಅದನ್ನು ಹರಿದು ಹಾಕಿತು. ಎಣ್ಣೆ ಬಾನೆಟ್ ಮೇಲೆಲ್ಲ ಚಿಮ್ಮಿತು. ಡ್ರೈವರ್ ಎಂಜಿನ್ ಆಫ್ ಮಾಡಿದ. ನಾನು ಓಡಿ ಹೋಗಿ ನೋಡಿದರೆ ದವಡೆ ಒಂದಿಂಚೂ ಬಿಚ್ಚಿರಲಿಲ್ಲ. ಮೂರೂವರೆ ಕ್ವಿಂಟಾಲಿನ ದಿಮ್ಮಿ ಹಿಡಿದ ಹಾಗೇ ಇತ್ತು. ಆ ವಾಲ್ವ್ ಇಲ್ಲದಿದ್ದರೆ ಹೋಸ್ ಹರಿದ ಗಳಿಗೆಯಲ್ಲೇ ದವಡೆಯ ಬಿಗಿ ಹೋಗುತ್ತಿತ್ತು. ಆಮೇಲೆ ಹೋಸ್‌ಗಳನ್ನು ತೋಳಿನ ಒಳಬದಿಗೆ ಸರಿಸಿ, ಸ್ಪ್ರಿಂಗ್ ಕವಚ ಹಾಕಿಸಿದೆ.

ಈಗ ದಿಮ್ಮಿಯನ್ನು ಮೊಣಕಾಲೆತ್ತರದಲ್ಲೇ ಸಾಗಿಸುತ್ತೇವೆ. ಇಳಿಜಾರು ಬಂದರೆ ಹೊರೆ ಏರಿನ ಕಡೆಗೇ ಇರಬೇಕು, ಅಂದರೆ ಇಳಿಯುವಾಗ ರಿವರ್ಸ್. ಕಾಂಕ್ರೀಟ್ ಡ್ರಮ್ ಬಿಚ್ಚಿಟ್ಟು ಕೆಲಸ ಶುರು ಮಾಡಬಾರದು.

ಮೊದಲ ದಿನ ದಿಮ್ಮಿ ಸಾಗಿಸುವಾಗ ಮೇಸ್ತ್ರಿ ಅಭ್ಯಾಸಬಲದಿಂದ ಟ್ರಾಕ್ಟರ್ ಪಕ್ಕಕ್ಕೇ ಬಂದು ನಿಂತರು. ದೂರ ಇರಿ ಅಂದೆ. "ಹಿಡ್ಕೊಳ್ಳೋರು ಬೇಡ್ವಾ ಗೌಡ್ರೆ?" ಅಂದರು. ಬೇಡ ಅಂದೆ. ಅವರು ರಸ್ತೆ ಬದಿಯ ಧರೆಯ (ಎತ್ತರದ ಮಣ್ಣಿನ ದಿಬ್ಬ) ಮೇಲೆ ಹತ್ತಿ ನಿಂತು, ದಿಮ್ಮಿ ಕೆಳಗಿನ ತಿರುವು ದಾಟುವವರೆಗೂ ನೋಡುತ್ತಿದ್ದರು.